ಫೋಟೋದ ಬೆನ್ನ ಮೇಲಿನ ಅಕ್ಷರ: ಅಂಗಡಿ ಸ್ಕ್ಯಾನ್, ಮೊಬೈಲ್ ಆ್ಯಪ್, ಮನೆಯ ಸ್ಕ್ಯಾನರ್

ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಳೆಯ ಫೋಟೋಗಳನ್ನು ಡಿಜಿಟಲ್ ಮಾಡಿಸಬೇಕು ಅಂತ ಯೋಚಿಸುತ್ತಿದ್ದರೆ ಐದಾರು ಸಾವಿರದ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್, ಅಂದರೆ ಗಾಜಿನ ಮೇಲೆ ಫೋಟೋ ಇಟ್ಟು ಸ್ಕ್ಯಾನ್ ಮಾಡುವಂಥದ್ದು, ತಂದು ನೀವೇ ಕೂತು ಮಾಡಿ. ಅಂಗಡಿಗೆ ಕೊಡಬೇಡಿ. ನಾನು ಮೊದಲು ಅಂಗಡಿಗೆ ಕೊಟ್ಟೆ, ಆಮೇಲೆ ಮೊಬೈಲ್ ಆ್ಯಪ್ ಹಿಡಿದೆ, ಕೊನೆಗೆ ಸ್ಕ್ಯಾನರ್ ಕೊಂಡೆ. ಕೊನೆಯದನ್ನು ಮೊದಲೇ ಮಾಡಿದ್ದಿದ್ದರೆ ಅಜ್ಜನ ಕಪ್ಪು ಹಾಳೆಯ ಆಲ್ಬಮ್ ಇವತ್ತಿಗೂ ಅಜ್ಜ ಜೋಡಿಸಿದ ಹಾಗೆಯೇ ಇರುತ್ತಿತ್ತು.

ನಮ್ಮದು ಸಾಗರದ ಕಡೆ. ಅಜ್ಜ ಹುಟ್ಟಿ ಬೆಳೆದ ಮನೆ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಷ್ಟರೊಳಗೆ ನಮ್ಮವರು ಗದ್ದೆ ತೋಟ ಬಿಟ್ಟು, ಗಂಟುಮೂಟೆ ಕಟ್ಟಿ ಎದ್ದಾಗಿತ್ತು. ಆಗ ಎತ್ತಿನ ಗಾಡಿಯಲ್ಲಿ ಬಂದ ಕಬ್ಬಿಣದ ಟ್ರಂಕಿನೊಳಗೆ ಆ ಆಲ್ಬಮ್ ಇತ್ತು. ಮುಳುಗಡೆಯ ಮನೆ ಹೇಗಿತ್ತು ಅಂತ ನನ್ನ ಮಕ್ಕಳಿಗೆ ತೋರಿಸಲು ಇರುವುದು ಅದೊಂದೇ.

ಅದು ಅಟ್ಟದ ಮೇಲೆ ಅರವತ್ತು ಮಳೆಗಾಲ ಕಳೆದಿತ್ತು. ಫೋಟೋದ ಮೇಲ್ಪದರ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದ ಅಂಟು. ಗಾಳಿಯ ತೇವಾಂಶ ಶೇಕಡಾ 65 ದಾಟಿತೆಂದರೆ ಬೂಸ್ಟಿಗೆ ಅದೇ ಊಟ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಮೂರು ವರ್ಷದ ಹಿಂದೆ ಆಲ್ಬಮ್ ಬಿಚ್ಚಿದಾಗ ನಾಲ್ಕನೆಯ ಪುಟದಲ್ಲಿ ಅಜ್ಜಿಯ ಮುಖದ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಹರಡಿತ್ತು. ನೋಡಿ ಹೊಟ್ಟೆ ಚುರ್ ಅಂದಿತು. ಆ ಗಾಬರಿಯಲ್ಲಿಯೇ ಎಲ್ಲವನ್ನೂ ಗಂಟು ಕಟ್ಟಿ ಬೆಂಗಳೂರಿಗೆ ತಂದು ಒಂದು ಸ್ಕ್ಯಾನಿಂಗ್ ಅಂಗಡಿಗೆ ಕೊಟ್ಟೆ. ಒಟ್ಟು 640 ಫೋಟೋ, ಒಂದಕ್ಕೆ 12 ರೂಪಾಯಿ, ಅಂದರೆ 7,680. ಮೂರೇ ದಿನದಲ್ಲಿ ಪೆನ್‌ಡ್ರೈವ್ ಕೈಗೆ ಬಂತು.

ಚಿತ್ರಗಳು ಚೆನ್ನಾಗಿಯೇ ಇದ್ದವು. ಎದೆ ಒಡೆದದ್ದು ಜೊತೆಗೆ ಕೊಟ್ಟ ಮೂರು ಪ್ಲಾಸ್ಟಿಕ್ ಕವರ್ ನೋಡಿ. ಒಂದರಲ್ಲಿ ಚಿಕ್ಕ ಫೋಟೋ, ಇನ್ನೊಂದರಲ್ಲಿ ಮಧ್ಯಮ, ಮತ್ತೊಂದರಲ್ಲಿ ದೊಡ್ಡವು. ಹಾಳೆ ತಾನಾಗಿಯೇ ಎಳೆದುಕೊಳ್ಳುವ ಯಂತ್ರಕ್ಕೆ ಒಂದೇ ಅಳತೆಯವು ಒಟ್ಟಿಗೆ ಇದ್ದರೆ ಬೇಗ ಆಗುತ್ತದೆ. ಅದಕ್ಕಾಗಿ ಎಲ್ಲ ಆಲ್ಬಮ್‌ಗಳಿಂದ ಫೋಟೋ ಕಿತ್ತು, ಅಳತೆ ಪ್ರಕಾರ ವಿಂಗಡಿಸಿ, ಹಾಗೆಯೇ ವಾಪಸ್ ಕೊಟ್ಟಿದ್ದರು. ಬಣ್ಣದ ಆಲ್ಬಮ್‌ಗಳದ್ದು ಹೇಗೋ ಆಗುತ್ತಿತ್ತು, ಅದರಲ್ಲಿರುವ ಮದುವೆ ಮುಂಜಿಗಳೆಲ್ಲ ನಾವು ಕಂಡವೇ. ಅಜ್ಜನ ಆಲ್ಬಮ್ ಹಾಗಲ್ಲ. ಕಪ್ಪು ರಟ್ಟಿನ ಹಾಳೆ, ನಾಲ್ಕು ಮೂಲೆಗೆ ಕಾಗದದ ಪುಟ್ಟ ತ್ರಿಕೋನ, ಕೆಳಗೆ ಬಿಳಿ ಪೆನ್ಸಿಲಿನಲ್ಲಿ ಅಜ್ಜನ ಗುಂಡು ಅಕ್ಷರ. ವಾಪಸ್ ಬಂದ ಆಲ್ಬಮ್‌ನಲ್ಲಿ ಅಕ್ಷರ ಇದೆ, ಮೇಲೆ ಚಿತ್ರ ಇಲ್ಲ. "ಹಳೇ ಮನೆ ಬಾವಿಕಟ್ಟೆ." ಮೇಲೆ ಖಾಲಿ. "ಮಡೇನೂರು ಡ್ಯಾಮ್, ಎಲ್ಲರೂ." ಮೇಲೆ ಖಾಲಿ.

ಆ ಮಡೇನೂರು ಡ್ಯಾಮಿನ ಫೋಟೋ ಯಾವುದು ಅಂತ ಹುಡುಕಲು ನನಗೆ ಒಂದು ವಾರ ಹಿಡಿಯಿತು. ಕವರಿನಲ್ಲಿ ಕಟ್ಟೆಯ ಮೇಲೆ ಜನ ನಿಂತಿರುವ ಚಿತ್ರ ಐದು ಇದ್ದವು. ಹಿರೇಭಾಸ್ಕರ ಅಂತಲೂ ಕರೆಯುವ ಆ ಅಣೆಕಟ್ಟು ಲಿಂಗನಮಕ್ಕಿ ಬಂದ ಮೇಲೆ ತಾನೇ ನೀರಿನಲ್ಲಿ ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣುತ್ತದೆ. ಹಾಗಾಗಿ ಹೋಗಿ ನೋಡಿ ತಾಳೆ ಹಾಕುವುದೂ ಸುಲಭವಿಲ್ಲ. ಕೊನೆಗೆ ಫೋಟೋ ತಿರುಗಿಸಿ ನೋಡಿದರೆ ಹಿಂದೆ ನೀಲಿ ಶಾಯಿಯಲ್ಲಿ ಬರೆದೇ ಇದೆ: ಎಡದಿಂದ ಯಾರ್ಯಾರು, ಯಾವ ಹಬ್ಬದ ಮರುದಿನ, ಅವತ್ತು ಯಾರು ಬರಲಿಲ್ಲ ಅನ್ನುವುದೂ. ಅಂಗಡಿಯವರು 640ರಲ್ಲಿ ಒಂದರ ಹಿಂಬದಿಯನ್ನೂ ಸ್ಕ್ಯಾನ್ ಮಾಡಿರಲಿಲ್ಲ. ಕೇಳಿದಾಗ "ಹಿಂದೆ ಫೋಟೋ ಇರಲ್ಲವಲ್ಲ ಸಾರ್" ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ನನಗೆ ಮಾತ್ರ ಆ ಬೆನ್ನಿನ ಎರಡು ಸಾಲು ಇಲ್ಲದಿದ್ದರೆ ಮುಂದಿರುವ ಹದಿನಾಲ್ಕು ಮುಖದಲ್ಲಿ ಹತ್ತು ಅಪರಿಚಿತ ಮುಖಗಳು.

ಆಲ್ಬಮ್ ಮತ್ತೆ ಜೋಡಿಸುವ ಕೆಲಸ ಎರಡು ತಿಂಗಳು ನಡೆಯಿತು. ಫೋಟೋ ಇದ್ದ ಜಾಗದಲ್ಲಿ ರಟ್ಟು ಇನ್ನೂ ಕಡುಕಪ್ಪು, ಸುತ್ತ ಮಾಸಿದ ಬಣ್ಣ. ಆ ಚೌಕದ ಅಳತೆ ಹಿಡಿದು ಫೋಟೋದ ಅಂಚು ಹೊಂದಿಸುವುದು. ಆಗಿನ ಚಿಕ್ಕ ಫೋಟೋಗಳಿಗೆ ಗರಗಸದ ಹಲ್ಲಿನಂಥ ಅಂಚು ಇರುತ್ತಿತ್ತಲ್ಲ, ಅದೂ ಸಹಾಯಕ್ಕೆ ಬಂತು. ಸ್ಕ್ಯಾನ್ ಫೈಲಿನಲ್ಲಿ ನೋಡಿ ಹೊಂದಿಸೋಣವೆಂದರೆ ಅಂಗಡಿಯವರು ಅಂಚನ್ನು ನೀಟಾಗಿ ಕತ್ತರಿಸಿ ಹಾಕಿದ್ದರು. 82 ವರ್ಷದ ಅತ್ತೆ ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕೂತಿದ್ದಕ್ಕೆ ಇಷ್ಟಾದರೂ ಆಯಿತು. 94 ಫೋಟೋದಲ್ಲಿ 83 ತಮ್ಮ ಜಾಗ ಸೇರಿದವು. 11 ಇನ್ನೂ ಲಕೋಟೆಯಲ್ಲಿವೆ.

ಅಂಗಡಿಯ ಉಳಿದ ದೋಷಗಳು ಇದರ ಮುಂದೆ ಸಣ್ಣವು. ಯಂತ್ರದ ಗಾಜಿನ ಮೇಲೆ ಧೂಳು ಕೂತು ಅರವತ್ತು ಚಿಲ್ಲರೆ ಚಿತ್ರಗಳಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಬಂದಿದೆ. ಎಲ್ಲ ಚಿತ್ರಕ್ಕೂ ಬಣ್ಣ ತಿದ್ದಿದ್ದಾರೆ, ಅಮ್ಮನ ಧಾರೆ ಸೀರೆ ಯಾವ ಬಣ್ಣದ್ದು ಅಂತ ಈಗ ಆ ಫೈಲ್ ನೋಡಿ ಹೇಳಲಾಗದು. ಫೈಲುಗಳ ತಾರೀಖು ಎಲ್ಲದಕ್ಕೂ ಸ್ಕ್ಯಾನ್ ಮಾಡಿದ ದಿನದ್ದೇ.

ಮೊಬೈಲ್ ಆ್ಯಪ್ ವಿಷಯಕ್ಕೆ ಬರೋಣ. ನಾನು ಬಳಸಿದ್ದು 2016ರಲ್ಲಿ ಬಂದ ಗೂಗಲಿನ ಫೋಟೋಸ್ಕ್ಯಾನ್. ಕಾಸು ಖರ್ಚಿಲ್ಲ. ಒಂದು ಚಿತ್ರ ತೆಗೆದ ಮೇಲೆ ಪರದೆಯಲ್ಲಿ ನಾಲ್ಕು ಚುಕ್ಕಿ ತೋರಿಸುತ್ತದೆ, ಒಂದೊಂದರ ಮೇಲೂ ಫೋನ್ ಒಯ್ದು ನಿಲ್ಲಿಸಿದರೆ ಐದನ್ನೂ ಸೇರಿಸಿ ಬೆಳಕಿನ ಹೊಳಪು ತೆಗೆಯುತ್ತದೆ. ಹೊಳಪು ನಿಜವಾಗಿಯೂ ಹೋಗುತ್ತದೆ. ಆದರೆ ಕೈ ಕೊಂಚ ಅಲ್ಲಾಡಿದರೂ ಸಣ್ಣ ಮುಖಗಳು ಕಲಸಿಹೋಗುತ್ತವೆ, ಬಾಗಿಲ ಚೌಕಟ್ಟಿನಂಥ ನೇರ ಗೆರೆ ಸ್ವಲ್ಪ ಸೊಟ್ಟಗಾಗುತ್ತದೆ. ನೂರು ಫೋಟೋ ಆಗುವಷ್ಟರಲ್ಲಿ ನನ್ನ ಭುಜ ಹಿಡಿದುಕೊಂಡಿತು.

ಆದರೂ ಎರಡು ಕಡೆ ಆ್ಯಪ್ ಬಿಟ್ಟರೆ ಬೇರೆ ದಾರಿ ಇಲ್ಲ. ಒಂದು, ನೆಂಟರ ಮನೆ. ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಸಾಲಾಗಿ ತೂಗುಹಾಕಿದ ಫೋಟೋಗಳನ್ನು ಇಳಿಸಿ ಕೊಡಿ ಅಂತ ಕೇಳುವ ಹಾಗಿಲ್ಲ. ಇನ್ನೊಂದು, ಕಟ್ಟಿನ, ಅಂದರೆ ಫ್ರೇಮಿನ, ಗಾಜಿಗೇ ಅಂಟಿಕೊಂಡ ಫೋಟೋ. ತೇವಕ್ಕೆ ಜೆಲಾಟಿನ್ ಉಬ್ಬಿ ಗಾಜಿಗೆ ಹಿಡಿದಿರುತ್ತದೆ. ಎಳೆದರೆ ಮುಖ ಗಾಜಿನಲ್ಲೇ ಉಳಿದು ಕಾಗದ ಕೈಗೆ ಬರುತ್ತದೆ. ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಫೋನಿನಲ್ಲಿ ತೆಗೆಯಿರಿ.

ಇನ್ನು ನನ್ನ ಸ್ಕ್ಯಾನರ್. ಕ್ಯಾನನ್ ಲೈಡ್ 300. ಯುಎಸ್‌ಬಿ ತಂತಿಯಲ್ಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಬೇರೆ ಪ್ಲಗ್ ಬೇಡ, ಹಾಗಾಗಿ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಿಧಾನ, ಅದು ನಿಜ. ಹಳೆಯ ಮೂರೂವರೆ–ಐದು ಇಂಚಿನ ಫೋಟೋ ಗಾಜಿನ ಮೇಲೆ ಒಟ್ಟಿಗೆ ನಾಲ್ಕು ಕೂರುತ್ತವೆ. ನಾಲ್ಕು–ಆರರವು ಮೂರೇ, ಎರಡು ಉದ್ದಕ್ಕೆ, ಒಂದು ಅಡ್ಡ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ತೆಗೆದರೆ ನಾಲ್ಕು–ಆರರ ಒಂದು ಬಣ್ಣದ ಫೋಟೋ ಸುಮಾರು 26 ಎಂಬಿಯ ಟಿಫ್, ಅಂದರೆ ಚಿತ್ರದ ಯಾವ ವಿವರವನ್ನೂ ಬಿಡದ ದೊಡ್ಡ ಫೈಲ್, ಆಗುತ್ತದೆ. ಅಪ್ಪನ ಅಗ್ಫಾ ಕ್ಲಿಕ್ 3 ಕ್ಯಾಮೆರಾದ ಚೌಕ ಚಿತ್ರಗಳು ಅಂಗೈಗಿಂತ ಚಿಕ್ಕವು, ಅವಕ್ಕೆ ಮಾತ್ರ 1200 ಇಡುತ್ತೇನೆ. ಬಣ್ಣ ತಿದ್ದುವ ಆಯ್ಕೆಗಳನ್ನೆಲ್ಲ ಆರಿಸಿಬಿಡಿ. ಎಂಬತ್ತರ ದಶಕಕ್ಕಿಂತ ಹಿಂದಿನ ಬಣ್ಣದ ಫೋಟೋ ಕೆಂಪಗಾಗಿದ್ದರೆ ಅದು ಅದರೊಳಗಿನ ಹಸಿರು-ನೀಲಿ ಬಣ್ಣ ಮೊದಲು ಸತ್ತದ್ದರಿಂದ. ತಿದ್ದುವುದಾದರೆ ಒಂದು ನಕಲು ಮಾಡಿಕೊಂಡು ಅದರಲ್ಲಿ ತಿದ್ದಿ, ಮೂಲ ಸ್ಕ್ಯಾನ್ ಹಾಗೇ ಇರಲಿ.

ಸ್ಕ್ಯಾನರ್ ಗೆದ್ದದ್ದು ಚಿತ್ರದ ಗುಣಮಟ್ಟದಿಂದಲ್ಲ, ಕ್ರಮದಿಂದ. ಆಲ್ಬಮ್ ಮುಟ್ಟುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೆಯೇ ಫೋನಿನಲ್ಲಿ ಒಂದು ಚಿತ್ರ ತೆಗೆಯುತ್ತೇನೆ. ಆಮೇಲೆ ಒಂದು ಪುಟದ ಫೋಟೋ ತೆಗೆದು, ಮುಂದೆ ಸ್ಕ್ಯಾನ್, ತಿರುಗಿಸಿ ಹಿಂದೆ ಸ್ಕ್ಯಾನ್, ಮತ್ತೆ ಅದೇ ಮೂಲೆಗೆ ಸಿಕ್ಕಿಸಿ, ಆಮೇಲಷ್ಟೇ ಮುಂದಿನ ಪುಟ. ಫೈಲಿನ ಹೆಸರು ಬರೀ ಅಂಕಿ: 02-07-03-1 ಅಂದರೆ ಎರಡನೆಯ ಆಲ್ಬಮ್, ಏಳನೆಯ ಪುಟ, ಮೂರನೆಯ ಫೋಟೋ, ಮುಂಬದಿ. ಕೊನೆಯಲ್ಲಿ 2 ಇದ್ದರೆ ಹಿಂಬದಿ. ಹಿಂದೆ ಏನೂ ಬರೆದಿಲ್ಲದಿದ್ದರೂ ತೆಗೆಯುತ್ತೇನೆ. ಸ್ಟುಡಿಯೋದ ಮುದ್ರೆಯೋ ಅಗ್ಫಾ ಬ್ರೊವೀರಾ ಅನ್ನುವ ಫೋಟೋ ಕಾಗದದ ಹೆಸರಿನ ಮಸುಕು ಅಚ್ಚೋ ಸಿಕ್ಕಿದರೆ ಕಾಲ ಊಹಿಸಲು ಒಂದು ಎಳೆ ಸಿಗುತ್ತದೆ. ಯಾರು, ಎಲ್ಲಿ ಅನ್ನುವ ವಿವರವನ್ನು ಡಿಜಿಕ್ಯಾಮ್ ಅನ್ನುವ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ಬರೆದು ಚಿತ್ರದ ಒಳಗೇ ಸೇರಿಸುತ್ತೇನೆ, ತಾರೀಖನ್ನೂ ಅಲ್ಲಿಯೇ ತಿದ್ದುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ವಿವರವೆಲ್ಲ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಡಲ್ಲಾಸ್‌ನಲ್ಲಿರುವ ತಮ್ಮನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು.

ಈ ಸ್ಕ್ಯಾನರಿನ ದೊಡ್ಡ ಕೊರತೆ ಒಂದು: ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ಸುರುಳಿಯಾದ ಫೋಟೋ ಅರ್ಧ ಮಿಲಿಮೀಟರ್ ಮೇಲೆದ್ದರೂ ಅಲ್ಲಿ ಮಂಕು. ಕಟ್ಟಿನ ಫೋಟೋಗೆ ಇದು ಕೆಲಸಕ್ಕೆ ಬಾರದು. ನೆಗೆಟಿವ್ ಸಹ ಆಗದು. ಅದಕ್ಕೆ ಎಪ್ಸನ್ ವಿ600 ಥರದ್ದು ಬೇಕು, ಬೆಲೆ ನಾಲ್ಕೈದು ಪಟ್ಟು. ನಮ್ಮಲ್ಲಿ ನೆಗೆಟಿವ್ ಉಳಿದದ್ದು ಒಂದು ಲಕೋಟೆಯಷ್ಟೇ, ಹಾಗಾಗಿ ನಾನು ಆ ಯೋಚನೆ ಬಿಟ್ಟೆ. ನಿಮ್ಮ ಮನೆಯಲ್ಲಿ ಡಬ್ಬಿಗಟ್ಟಲೆ ಇದ್ದರೆ ಲೆಕ್ಕ ಬೇರೆ.

ಎಲ್ಲಿ ಇಡುವುದು ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಗೂಗಲ್ ಫೋಟೋಸ್‌ನ ಉಚಿತ ಸಂಗ್ರಹ 2021ರ ಜೂನ್‌ನಿಂದ 15 ಜಿಬಿಗೆ ನಿಂತಿದೆ, ಅದರಲ್ಲಿ ಇಮೇಲೂ ಸೇರಿ. ನನ್ನ ಮುಂಬದಿಯ ಟಿಫ್‌ಗಳೇ ಅದನ್ನು ತುಂಬಿಸುತ್ತವೆ. ಅದಕ್ಕೆ ಟಿಫ್ ಎರಡು ಹಾರ್ಡ್‌ಡಿಸ್ಕಿನಲ್ಲಿ, ಒಂದು ನನ್ನಲ್ಲಿ, ಇನ್ನೊಂದು ತಂಗಿಯ ಮನೆ ಹುಬ್ಬಳ್ಳಿಯಲ್ಲಿ. ಕುಗ್ಗಿಸಿದ ಜೆಪೆಗ್ ಪ್ರತಿ ಮಾತ್ರ ಕ್ಲೌಡ್‌ನಲ್ಲಿ. ಸಿಡಿಗೆ ಬರೆಸಬೇಡಿ. 2006ರಲ್ಲಿ ಬರೆಸಿಟ್ಟ ನಮ್ಮ ಎರಡು ಸಿಡಿಯಲ್ಲಿ ಒಂದು ಈಗ ತೆರೆಯುವುದೇ ಇಲ್ಲ.

ಮೂಲ ಫೋಟೋ ಮತ್ತೆ ಅಟ್ಟಕ್ಕೆ ಹೋಗಿಲ್ಲ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಎಂಬತ್ತರ ದಶಕದ ಆಲ್ಬಮ್‌ಗಳಿಂದ ಫೋಟೋ ಬಿಡಿಸಲು ಹಲ್ಲಿನ ಸಂದು ಉಜ್ಜುವ ದಾರವನ್ನು ಹಿಂದಿನಿಂದ ಗರಗಸದಂತೆ ಮೆಲ್ಲಗೆ ಎಳೆಯಬೇಕು. ಆ ಅಂಟು ಹಳದಿಗಟ್ಟಿ ಫೋಟೋವನ್ನೇ ತಿನ್ನುತ್ತದೆ, ಮೇಲಿನ ಪಿವಿಸಿ ಪ್ಲಾಸ್ಟಿಕ್ ಹಾಳೆ ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. ಈಗ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಜೇಬಿರುವ ಆಲ್ಬಮ್, ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಮಣಿ ಹಸಿರಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವುದು. ಬೂಸ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಲ್ಲಿ ಹೊರಗೆ ಗಾಳಿಗೆ ಒಯ್ದು ಸವರಬೇಕು. ಅಜ್ಜಿಯ ಮುಖದ ಮೇಲಿನ ಎಳೆ ಹಾಗೆ ಹೋಯಿತು, ಎಡಗೆನ್ನೆಯಲ್ಲಿ ಒಂದು ಮಚ್ಚೆಯಷ್ಟು ಕಲೆ ಉಳಿದಿದೆ.

ನನಗೆ ಸ್ಕ್ಯಾನರ್ ಹೊಂದಿತು, ಯಾಕೆಂದರೆ ರಾತ್ರಿ ಊಟವಾದ ಮೇಲೆ ಒಂದು ತಾಸು ಕೂರುವ ಅಭ್ಯಾಸ ನನಗಿದೆ, ದಿನಕ್ಕೆ ಇಪ್ಪತ್ತು ಫೋಟೋ ಸಾಕು ಅನ್ನುವ ತಾಳ್ಮೆಯೂ ಇದೆ. 640 ಫೋಟೋ ಎರಡೂ ಬದಿ ಮುಗಿಸಲು ಒಂದು ಚಳಿಗಾಲ ಹಿಡಿಯಿತು. ಅಷ್ಟು ಪುರುಸೊತ್ತೇ ಇಲ್ಲ, ಅಂಗಡಿಗೇ ಕೊಡಬೇಕು ಅನ್ನುವವರು ಬಣ್ಣದ ಬಿಡಿ ಫೋಟೋಗಳನ್ನಷ್ಟೇ ಕೊಡಿ. ಕೊಡುವ ಮೊದಲು ಪ್ರತಿಯೊಂದರ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನ ಬಳಿ, ಒಂದು ಕ್ರಮಸಂಖ್ಯೆ ಬರೆಯಿರಿ. ಕಪ್ಪು ಹಾಳೆಯ ಆಲ್ಬಮ್ ಮಾತ್ರ ಮನೆಯ ಹೊಸಿಲು ದಾಟದಿರಲಿ.

ಲಕೋಟೆಯ 11 ಫೋಟೋದಲ್ಲಿ ಒಂದನ್ನು ಹೋದ ದೀಪಾವಳಿಗೆ ಅತ್ತೆ ಗುರುತು ಹಿಡಿದರು. ಕಣಜದ ಪಕ್ಕ ನಿಂತ ಹುಡುಗಿಯ ಕಾಲಿನ ಗೆಜ್ಜೆ ನೋಡಿ, "ಇದು ನಾನೇ, ಹಳೇ ಮನೆ ಬಿಡುವ ವರ್ಷ" ಅಂದರು. ಆರನೆಯ ಪುಟದ ಮೂಲೆಗೆ ಅದು ಸರಿಯಾಗಿ ಕೂತಿತು. ಇನ್ನು ಹತ್ತು.