ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಕಲಿಕೆಯ ಆ್ಯಪ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಪುಣೆಗೆ ಬಂದ ನಾನು, ಪದವಿಯ ದಿನಗಳಿಂದ ಈಗಿನ ಸ್ನಾತಕೋತ್ತರ ಓದಿನವರೆಗೂ ಹಣ ತೆತ್ತು ಬಳಸುತ್ತಿರುವ ಇಂಗ್ಲಿಷ್ ಆ್ಯಪ್ ಒಂದರ ವಿಮರ್ಶೆಯಿದು. ಹೆಸರು ಹೇಳುವುದಿಲ್ಲ, ರೂಮಿನ ಗೆಳೆಯರು ಬಳಸುವ ಬೇರೆ ಆ್ಯಪ್‌ಗಳೂ ಹೆಚ್ಚುಕಡಿಮೆ ಹೀಗೆಯೇ ಇವೆ.

ಆಲಿಸುವ ಪಾಠಗಳು ನಿಜಕ್ಕೂ ಚೆನ್ನಾಗಿವೆ. ವೇಗ ತಗ್ಗಿಸಿ ಮತ್ತೆ ಮತ್ತೆ ಕೇಳಬಹುದಾದ್ದರಿಂದ ತರಗತಿಯ ಉಪನ್ಯಾಸಗಳು ಕ್ರಮೇಣ ಅರ್ಥವಾಗತೊಡಗಿದವು. ಆದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ ಬರೆಯುವವರು ಈ ಸೌಲಭ್ಯಕ್ಕೆ ಒಗ್ಗಿಕೊಳ್ಳಬಾರದು, ಅಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ.

ತೊಡಕಿರುವುದು ವ್ಯಾಕರಣದಲ್ಲಿ. ವಿವರಣೆಗಳು ಹಿಂದಿ, ಮರಾಠಿಗಳಲ್ಲಿವೆ, ಕನ್ನಡದಲ್ಲಿಲ್ಲ. ಮರಾಠಿ ನನಗೆ ಬರುತ್ತದೆಯಾದರೂ ಸಮಸ್ಯೆ ಅಲ್ಲಿಗೆ ಮುಗಿಯುವುದಿಲ್ಲ. ‘ನಿನ್ನೆ ನಾನು ತಂದ ಪುಸ್ತಕ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಪುಸ್ತಕವನ್ನು ಮೊದಲಿಟ್ಟು, ‘ವಿಚ್’ ಸೇರಿಸಿ, ತಂದ ಸಂಗತಿಯನ್ನು ಆಮೇಲೆ ಹೇಳಬೇಕು. ಆ್ಯಪ್ ಇದನ್ನು ಹಿಂದಿ, ಮರಾಠಿಗಳ ‘ಜೋ’ಗೆ ಹೋಲಿಸಿ ಎರಡೇ ಸಾಲಿನಲ್ಲಿ ಮುಗಿಸುತ್ತದೆ. ನಾವು ಮಾತನಾಡುವ ಕನ್ನಡದಲ್ಲಿ ಆ ಕೆಲಸವನ್ನು ‘ತಂದ’ ಎಂಬ ಕೃದಂತವೊಂದೇ ಮಾಡಿಬಿಡುವುದರಿಂದ, ಮರಾಠಿ ಗೆಳೆಯನಿಗೆ ತಟ್ಟನೆ ಹೊಳೆದದ್ದು ನನಗೆ ಬಹುಕಾಲ ಬಾಯಿಪಾಠವಾಗಿಯೇ ಉಳಿಯಿತು. ‘ಎ’, ‘ದಿ’ಗಳ ವಿಷಯದಲ್ಲಿ ಮಾತ್ರ ಮೂರೂ ಭಾಷೆಯವರ ಪಾಡು ಒಂದೇ: ಕೆಂಪು ಗುರುತು ಬೀಳುತ್ತದೆ, ಕಾರಣ ಸಿಗುವುದಿಲ್ಲ.

ಉಚ್ಚಾರಣೆಯ ಅಂಕಗಳೂ ಹಾಗೆಯೇ. ನಮ್ಮ ಒಂದು ‘ವ’ಕಾರದ ಜಾಗದಲ್ಲಿ ಇಂಗ್ಲಿಷಿಗೆ ಎರಡು ಧ್ವನಿಗಳಿವೆ. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿಗಳನ್ನು ದುಂಡಗೆ ಮಾಡಬೇಕು. ಇಷ್ಟನ್ನು ತಿಳಿಸಿದ್ದು ಆ್ಯಪ್ ಅಲ್ಲ, ಆನ್‌ಲೈನ್ ನೇರ ತರಗತಿಯ ಶಿಕ್ಷಕಿಯೊಬ್ಬರು. ಆ ತರಗತಿಗಳಲ್ಲೋ ಬಹುತೇಕರು ಕ್ಯಾಮೆರಾ ಮುಚ್ಚಿಯೇ ಕುಳಿತಿರುತ್ತಾರೆ. ಸಂಜೆ ಹಾಸ್ಟೆಲಿನ ವೈಫೈ ಕೈಕೊಟ್ಟರೆ ಮಾತಾಡುವ ಸರದಿಯೇ ತಪ್ಪಿಹೋಗುತ್ತದೆ.

ಬರವಣಿಗೆ ತೀರಾ ದುರ್ಬಲ. ಭಾಷಾ ಸಾಮರ್ಥ್ಯವನ್ನು ಅಳೆಯುವ ಯುರೋಪಿನ ಸಿಇಎಫ್‌ಆರ್ ಮಾನದಂಡದ ಎ1ರಿಂದ ಸಿ2ವರೆಗಿನ 6 ಹಂತಗಳಲ್ಲಿ ನಾನು ಬಿ2 ತಲುಪಿದ್ದೇನೆಂದು ಆ್ಯಪ್ ಹೇಳುತ್ತದೆ. ಆ ಹಂತದವರು ಸ್ಪಷ್ಟವಾದ, ವಿವರವುಳ್ಳ ಬರಹವನ್ನು ಬರೆಯಬಲ್ಲವರಾಗಿರಬೇಕು. ಆ್ಯಪ್ ನನ್ನಿಂದ ಬರೆಸಿದ್ದು ಬಿಟ್ಟ ಸ್ಥಳಗಳನ್ನಷ್ಟೇ. ಪ್ರಾಜೆಕ್ಟ್ ವರದಿಯ ಪ್ಯಾರಾಗಳನ್ನು ತಿದ್ದಿಕೊಟ್ಟವರು ವಿಭಾಗದ ಹಿರಿಯ ವಿದ್ಯಾರ್ಥಿಗಳು.

ವಾರ್ಷಿಕ ಚಂದಾ ತಾನಾಗಿ ನವೀಕರಣವಾಗುತ್ತದೆ, ಆ ಆಯ್ಕೆಯನ್ನು ಮೊದಲ ದಿನವೇ ತೆಗೆದುಹಾಕಿ. ಆಲಿಸುವ ಅಭ್ಯಾಸಕ್ಕಷ್ಟೇ ಬೇಕಿದ್ದವರಿಗೆ ಮಾಸಿಕ ಚಂದಾ ಸಾಕು. ನಾನೂ ಈಗ ಅದಕ್ಕೇ ಬದಲಾಗಿದ್ದೇನೆ.