ಕೋಲಾರದ ಒಂದು ಫಸ್ಟ್ ಪಿಯು ಕೆಮಿಸ್ಟ್ರಿ ಟ್ಯೂಷನ್: ಪಾಠಕ್ಕೆ ಸೇರಿ, ನೋಟ್ಸ್ ನಂಬಬೇಡಿ

ತಂಗಿಯನ್ನು ಈ ವರ್ಷ ಡೂಂಲೈಟ್ ಸರ್ಕಲ್ ಕಡೆಯ ಒಂದು ಟ್ಯೂಷನ್‌ಗೆ ಸೇರಿಸಿದ್ದೇವೆ. ಹೆಸರು ಹಾಕುವುದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಹತ್ತನೇ ಕ್ಲಾಸಿನವರೆಗೆ ಅವಳದು ಕನ್ನಡ ಮೀಡಿಯಂ. ಇಲ್ಲಿ ಸರ್ ಕನ್ನಡದಲ್ಲೇ ಪಾಠ ಮಾಡುತ್ತಾರೆ, ಅದಕ್ಕೇ ಸೇರಿಸಿದ್ದು.

ಸಮೀಕರಣ ಸರಿದೂಗಿಸುವ ಪಾಠ ಮಾತ್ರ ಸೂಪರ್. ಫಾರ್ಮುಲಾದ ಕೆಳಗಿರುವ ಅಂಕಿಯನ್ನು ಯಾರಾದರೂ ಮುಟ್ಟಿದರೆ ಸರ್ ಅಲ್ಲೇ ನಿಲ್ಲಿಸಿ, "ಏನಮ್ಮಾ, ನೀರು ಕೇಳಿದರೆ ಹೈಡ್ರೋಜನ್ ಪೆರಾಕ್ಸೈಡ್ ಕೊಡ್ತೀಯಲ್ಲ" ಅಂತಾರೆ. ಫಾರ್ಮುಲಾದ ಎಡಕ್ಕೆ ಬರೆಯುವ ಅಂಕಿ ಮಾತ್ರ ಬದಲಾಯಿಸಬೇಕು, ಆಕ್ಸಿಜನ್ ಲೆಕ್ಕ ಕೊನೆಗೆ ಇಟ್ಟುಕೊಳ್ಳಬೇಕು. ಬ್ಯೂಟೇನ್ (C4H10) ಉರಿಯುವುದನ್ನೇ ನೋಡಿ. ಒಂದು ಬ್ಯೂಟೇನ್‌ಗೆ ನಾಲ್ಕು ಕಾರ್ಬನ್ ಡೈಆಕ್ಸೈಡ್, ಐದು ನೀರು. ಬಲಗಡೆ ಒಟ್ಟು 13 ಆಕ್ಸಿಜನ್ ಪರಮಾಣು, ಅಂದರೆ ಎಡಗಡೆ ಆರೂವರೆ ಅಣು ಬೇಕು. ಹೆದರದೆ ಆರೂವರೆ ಅಂತಲೇ ಬರೆದು, ಆಮೇಲೆ ಎಲ್ಲವನ್ನೂ ಎರಡರಿಂದ ಗುಣಿಸಿ ಅಂತ ಹೇಳಿಕೊಟ್ಟಿದ್ದಾರೆ. ಇಷ್ಟು ಸುಲಭ ಅಂತ ನಾನು ಓದುವಾಗ ಯಾರೂ ಹೇಳಿರಲಿಲ್ಲ.

ನನಗೆ ಜಾಸ್ತಿ ಇಷ್ಟ ಆಗಿದ್ದು ಕೆಜಿಎಫ್ ಉದಾಹರಣೆ. ಗಣಿ 2001ರಲ್ಲೇ ಮುಚ್ಚಿತು, ಆದರೂ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡಗಳನ್ನು ನಮ್ಮ ಜಿಲ್ಲೆಯ ಮಕ್ಕಳು ನೋಡಿಯೇ ಇರುತ್ತಾರೆ. ಅದಿರಿನಿಂದ ಚಿನ್ನ ಕರಗಿಸಿ ತೆಗೆಯುವ ಕ್ರಿಯೆಯಲ್ಲಿ ನಾಲ್ಕು ಚಿನ್ನಕ್ಕೆ ಎಂಟು ಸೋಡಿಯಂ ಸೈನೈಡ್, ಒಂದು ಆಕ್ಸಿಜನ್, ಎರಡು ನೀರು. ಅಂದರೆ ಒಂದು ಮೋಲ್ (ಪರಮಾಣು, ಅಣುಗಳನ್ನು ಎಣಿಸುವ ಅಳತೆ) ಚಿನ್ನಕ್ಕೆ, ಅಂದರೆ 197 ಗ್ರಾಂಗೆ, 98 ಗ್ರಾಂ ಸೋಡಿಯಂ ಸೈನೈಡ್ ಸಾಕು. ಇದು ಹಾಳೆ ಮೇಲಿನ ಲೆಕ್ಕ, ಗಣಿಯಲ್ಲಿ ಇನ್ನೂ ಜಾಸ್ತಿ ಬೇಕು, ಯಾಕಂದರೆ ಅದಿರಿನಲ್ಲಿರುವ ಬೇರೆ ಖನಿಜಗಳೂ ಸೈನೈಡ್ ತಿಂದು ಹಾಕುತ್ತವೆ ಅಂತಲೂ ಹೇಳಿದ್ದಾರೆ. ಮೋಲ್ ಅಂದರೆ ಮುಖ ಸಿಂಡರಿಸುತ್ತಿದ್ದ ತಂಗಿ ಅವತ್ತು ಮನೆಗೆ ಬಂದು ಅಮ್ಮನ ಸರಕ್ಕೆಲ್ಲ ಲೆಕ್ಕ ಹಾಕಿದಳು.

ಇನ್ನು ನೋಟ್ಸ್. ಇದಕ್ಕೆ ಬೇರೆ ದುಡ್ಡು ಬೇರೆ. ಲಿಮಿಟಿಂಗ್ ರಿಯೇಜೆಂಟ್ (ಕ್ರಿಯೆಯಲ್ಲಿ ಮೊದಲು ಮುಗಿದುಹೋಗುವ ವಸ್ತು) ಅಂದರೆ ಕಡಿಮೆ ತೂಕ ಇರುವುದು ಅಂತ ಅದರಲ್ಲಿ ಪ್ರಿಂಟ್ ಆಗಿದೆ. ತಪ್ಪು! 28 ಗ್ರಾಂ ನೈಟ್ರೋಜನ್, 10 ಗ್ರಾಂ ಹೈಡ್ರೋಜನ್ ತಗೊಳ್ಳಿ. ಹೈಡ್ರೋಜನ್ ತೂಕ ಕಡಿಮೆ ಅಲ್ವಾ? ಆದರೆ 28 ಗ್ರಾಂ ನೈಟ್ರೋಜನ್‌ಗೆ ಬೇಕಾಗಿರುವುದು ಬರೀ 6 ಗ್ರಾಂ ಹೈಡ್ರೋಜನ್. ಹಾಗಾಗಿ ಮೊದಲು ಮುಗಿಯುವುದು ನೈಟ್ರೋಜನ್, ಸಿಗುವುದು 34 ಗ್ರಾಂ ಅಮೋನಿಯಾ, 4 ಗ್ರಾಂ ಹೈಡ್ರೋಜನ್ ಸುಮ್ನೆ ಉಳಿಯುತ್ತದೆ. ಗ್ರಾಂ ಅನ್ನು ಮೋಲ್ ಮಾಡಿ, ಸಮೀಕರಣದ ಅಂಕಿಯಿಂದ ಭಾಗಿಸಿ, ಆಮೇಲೆ ಯಾವುದು ಚಿಕ್ಕದು ಅಂತ ನೋಡಬೇಕು. ಸರ್‌ಗೆ ತೋರಿಸಿದರೆ ತಪ್ಪು ಅಂತ ಒಪ್ಪಿಕೊಂಡರು, ಬೋರ್ಡ್ ಮೇಲೆ ಸರಿಯಾಗಿಯೇ ಮಾಡಿಸಿದರು ಕೂಡ. ಆಫೀಸಿನಲ್ಲಿ ಮಾತ್ರ ಅದೇ ಪ್ರಿಂಟ್ ಇನ್ನೂ ಮಾರುತ್ತಿದ್ದಾರೆ.

ನೀಟ್‌ಗೆ ಅಂತ ಸೇರುವವರಿಗೆ ಇದು ಸಾಲದು, ಲೆಕ್ಕಗಳು ಕಡಿಮೆ. ಕಾಲೇಜು ಪರೀಕ್ಷೆಗೆ ಧಾರಾಳ ಸಾಕು. ಸಂಜೆ ಬ್ಯಾಚ್‌ನಲ್ಲಿ ಬೆಂಚಿಗೆ ಐದು ಜನ ಕೂರಿಸುತ್ತಾರೆ, ಆದ್ದರಿಂದ ಬಂಗಾರಪೇಟೆ ಕಡೆಯಿಂದ ಬರುವವರೂ ಬೆಳಗಿನ ಬ್ಯಾಚ್ ಕೇಳಿ. ನೋಟ್ಸ್ ದುಡ್ಡು ಫೀಸಿನ ಜೊತೆಗೇ ಸೇರಿಸಿ ರಸೀದಿ ಬರೆಯುತ್ತಾರೆ, ಬೇಡ ಅಂತ ಮೊದಲೇ ಹೇಳಿ.