ಬೇಸಿಸ್ ಯೂನಿವರ್ಸಲ್: ಭಾರೀ 3ಡಿ ದೃಶ್ಯಗಳಿಗೆ ಟೆಕ್ಸ್ಚರ್ ಕಂಪ್ರೆಷನ್ ಹೇಗಿದೆ?

ಜೆಪೆಗ್ ಫೈಲು ಎಷ್ಟೇ ಚಿಕ್ಕದಿರಲಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಸೇರುವ ಹೊತ್ತಿಗೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. 4096×4096ರ ಒಂದೇ ಟೆಕ್ಸ್ಚರ್ (3ಡಿ ವಸ್ತುವಿನ ಮೈಗೆ ಹೊದಿಸುವ ಚಿತ್ರ) ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ. ದೂರದ ನೋಟಕ್ಕೆಂದು ಇಡುವ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್ ಸೇರಿದರೆ ಸುಮಾರು 85. ಇಂಥವು ಇಪ್ಪತ್ತಾದರೆ ಫೋನಿನ ಬ್ರೌಸರ್ ತಡೆದುಕೊಳ್ಳುವುದು ಕಷ್ಟ.

ಬೇಸಿಸ್ ಯೂನಿವರ್ಸಲ್ ಬಗೆಹರಿಸುವುದು ಇದನ್ನೇ. ಬೈನೋಮಿಯಲ್ ಕಂಪನಿಯ ಈ ಕೋಡೆಕ್ (ಟೆಕ್ಸ್ಚರ್ ಕುಗ್ಗಿಸಿ ಬಿಚ್ಚುವ ತಂತ್ರಾಂಶ) 2019ರಲ್ಲಿ ಓಪನ್ ಸೋರ್ಸ್ ಆಯಿತು. ಇದರಿಂದ ಕೆಟಿಎಕ್ಸ್2 ಎಂಬ ಟೆಕ್ಸ್ಚರ್ ಫೈಲನ್ನು ಒಮ್ಮೆ ಮಾಡಿಟ್ಟರೆ ಸಾಕು, ಲೋಡ್ ಆಗುವಾಗ ಅದೇ ಫೈಲು ಆಯಾ ಜಿಪಿಯು ನೇರವಾಗಿ ಓದುವ ರೂಪಕ್ಕೆ ಬದಲಾಗಿ ಡೆಸ್ಕ್‌ಟಾಪ್‌ನಲ್ಲಿ ಬಿಸಿ7, ಫೋನಿನಲ್ಲಿ ಎಎಸ್‌ಟಿಸಿ ಆಗುತ್ತದೆ. ಜಿಪಿಯು ಒಳಗೂ ಕಂಪ್ರೆಸ್ ಆಗಿಯೇ ಉಳಿಯುವುದರಿಂದ ಆ 64 ಎಂಬಿ 16ಕ್ಕೆ ಇಳಿಯುತ್ತದೆ.

ಇದರಲ್ಲಿ ಇಟಿಸಿ1ಎಸ್, ಯುಎಎಸ್‌ಟಿಸಿ ಎಂಬ ಎರಡು ಮೋಡ್‌ಗಳಿವೆ, ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಇಟಿಸಿ1ಎಸ್ ಫೈಲನ್ನು ತುಂಬಾ ಚಿಕ್ಕದು ಮಾಡುತ್ತದೆ. ಆದರೆ 4×4 ಪಿಕ್ಸೆಲ್‌ಗಳ ಪ್ರತಿ ಬ್ಲಾಕಿಗೆ ಅದು ಇಡುವುದು ಒಂದೇ ಮೂಲ ಬಣ್ಣ. ಉಳಿದ ವ್ಯತ್ಯಾಸವನ್ನೆಲ್ಲ ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೇ ಅಳತೆಯಲ್ಲಿ ಕೂಡಿಸಿ ಕಳೆದು ತೋರಿಸುತ್ತದೆ. ಗೋಡೆ, ನೆಲ, ಮರದ ಬಣ್ಣಕ್ಕೆ ಇದು ಧಾರಾಳ. ಆದರೆ ಮೇಲ್ಮೈಯ ಉಬ್ಬುತಗ್ಗುಗಳನ್ನು ಬಣ್ಣಗಳಲ್ಲಿ ಬರೆದಿಡುವ ನಾರ್ಮಲ್ ಮ್ಯಾಪ್‌ನಲ್ಲಿ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ ಬದಲಾಗುತ್ತದೆ. ಅದನ್ನು ಇಟಿಸಿ1ಎಸ್‌ಗೆ ಕೊಟ್ಟರೆ ಹೊಳೆಯುವ ಮೇಲ್ಮೈಯಲ್ಲಿ ಬೆಳಕು ಚೌಕಚೌಕವಾಗಿ ಒಡೆದು ಕಾಣುತ್ತದೆ. ನಾರ್ಮಲ್ ಮ್ಯಾಪ್‌ಗೆ ಯುಎಎಸ್‌ಟಿಸಿಯೇ ಬೇಕು: ಗುಣಮಟ್ಟ 2, ಆರ್‌ಡಿಒ (ಸ್ವಲ್ಪ ಗುಣಮಟ್ಟ ಬಿಟ್ಟು ಫೈಲು ಇನ್ನೂ ಕುಗ್ಗುವಂತೆ ಮಾಡುವ ಅಳತೆ) 1ರ ಆಸುಪಾಸು, ಮೇಲೆ ಝಡ್‌ಸ್ಟ್ಯಾಂಡರ್ಡ್ ಎಂಬ ಫೈಲ್ ಕಂಪ್ರೆಷನ್ 18ನೇ ಹಂತದಲ್ಲಿ. ಬಣ್ಣದ ವ್ಯವಸ್ಥೆಯನ್ನು ಲೀನಿಯರ್ ಎಂದು ಗುರುತಿಸುವುದು ಮರೆಯಬಾರದು, ಇಲ್ಲದಿದ್ದರೆ ಉಬ್ಬುತಗ್ಗುಗಳೇ ತಪ್ಪಾಗುತ್ತವೆ.

ಮಿಪ್‌ಮ್ಯಾಪ್‌ಗಳನ್ನು ಎನ್‌ಕೋಡ್ ಮಾಡುವಾಗಲೇ ಸೇರಿಸಿ. ಕಂಪ್ರೆಸ್ ಆದ ಟೆಕ್ಸ್ಚರ್‌ಗೆ ವೆಬ್‌ಜಿಎಲ್ (ಬ್ರೌಸರ್‌ನ 3ಡಿ ವ್ಯವಸ್ಥೆ) ಆಮೇಲೆ ಅವನ್ನು ಮಾಡಿಕೊಡುವುದಿಲ್ಲ, ಅವಿಲ್ಲದಿದ್ದರೆ ದೂರದ ಹೆಂಚು, ಜಾಲರಿಗಳು ಮಿನುಗಲು ಶುರುವಾಗುತ್ತವೆ. ಲೋಡ್ ಆದ ಮೇಲೆ ಟೆಕ್ಸ್ಚರ್ ಅನ್ನು ತಲೆಕೆಳಗು ಮಾಡಲೂ ಬರುವುದಿಲ್ಲ, ಮೊದಲೇ ತಿರುಗಿಸಿಡಬೇಕು. ಅಗಲ, ಎತ್ತರ ಎರಡೂ 4ರ ಗುಣಕವಾಗಿರಲಿ. ತ್ರೀ.ಜೆಎಸ್ ಎಂಬ 3ಡಿ ಲೈಬ್ರರಿಯಲ್ಲಾದರೆ ಫೈಲು ತರುವ ಲೋಡರ್‌ಗೆ ದೃಶ್ಯ ಬಿಡಿಸುವ ರೆಂಡರರ್ ತೋರಿಸಿ ಜಿಪಿಯು ಬೆಂಬಲ ಪತ್ತೆ ಮಾಡಿಸುವ ಹೆಜ್ಜೆ ಬಿಟ್ಟರೆ ಏನೂ ಲೋಡ್ ಆಗದು.

ಕೆಟಿಎಕ್ಸ್2 ಫೈಲನ್ನು ಬಿಚ್ಚುವ ಕೆಲಸ ವರ್ಕರ್‌ನಲ್ಲಿ (ಬ್ರೌಸರ್‌ನ ಹಿನ್ನೆಲೆ ಥ್ರೆಡ್) ನಡೆಯುತ್ತದೆ, ಅದು ದೊಡ್ಡ ಅನುಕೂಲ. ಏಕೆಂದರೆ 90 ಹರ್ಟ್ಸ್ ವಿಆರ್ ಹೆಡ್‌ಸೆಟ್‌ನಲ್ಲಿ ಒಂದು ಫ್ರೇಮಿಗೆ ಸಿಗುವುದು 11 ಮಿಲಿಸೆಕೆಂಡ್ ಮಾತ್ರ. ಆದರೂ ಜಿಪಿಯುಗೆ ಕಳಿಸುವ ಕೆಲಸ ಮುಖ್ಯ ಥ್ರೆಡ್‌ನದ್ದೇ. ಹತ್ತಾರು ಟೆಕ್ಸ್ಚರ್ ಒಟ್ಟಿಗೆ ಕಳಿಸಿದರೆ ದೃಶ್ಯ ತಡವರಿಸುತ್ತದೆ, ಫ್ರೇಮಿಗೊಂದರಂತೆ ಕಳಿಸಿ.

ಕೊರತೆಯೂ ಇದೆ. ಎನ್‌ಕೋಡಿಂಗ್ ನಿಧಾನ, ಯುಎಎಸ್‌ಟಿಸಿ ಫೈಲು ಎಷ್ಟೋ ಸಲ ಮೂಲ ಜೆಪೆಗ್‌ಗಿಂತ ದೊಡ್ಡದಾಗುತ್ತದೆ. ಟೆಕ್ಸ್ಚರ್ ನಾಲ್ಕೈದೇ ಇದ್ದು ನೆಟ್‌ವರ್ಕ್ ನಿಧಾನವಿದ್ದರೆ ವೆಬ್‌ಪಿ ಚಿತ್ರವೇ ವಾಸಿ.